ನಾಲ್ಕನೇ ಪಂಪಿನ ಉತ್ತರ

ಮೊನ್ನೆ ಮಿಕ್ಸಿ ಸುಟ್ಟುಹೋಯಿತೆಂದು ರಿವೈಂಡಿಂಗ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಆಗಷ್ಟೇ ಒಂದು ದೊಡ್ಡ ಮೋಟಾರಿನ ಸುರುಳಿಗೆ ವಾರ್ನಿಷ್ ಹೊಯ್ದು, ಬಲ್ಬಿನ ಶಾಖಕ್ಕೆ ಒಣಗಲು ಇಟ್ಟಿದ್ದ. ಆ ವಾಸನೆ ಮೂಗಿಗೆ ಬಡಿಯಿತು. ಮಿಕ್ಸಿಯನ್ನು ಅವನ ಕೈಗಿತ್ತು, ಯಾವಾಗ ಬರಲಿ ಎಂದೂ ಕೇಳದೆ ಹೊರಗೆ ಬಂದು ಬಿಸಿಲಲ್ಲಿ ನಿಂತುಕೊಂಡೆ.

ನನಗೆ ದೆವ್ವಭೂತಗಳಲ್ಲಿ ನಂಬಿಕೆಯಿಲ್ಲ. ಆಗಲೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಈ ಸಂಗತಿ ಹೇಳಲು ಶುರುಮಾಡಿದರೆ ನಮ್ಮ ಮನೆಯವರೇ ನನ್ನನ್ನು ಒಂದು ಥರ ನೋಡುತ್ತಾರೆ.

ಅದು ತೊಂಬತ್ತೆಂಟರ ಮಳೆಗಾಲ. ದಾವಣಗೆರೆಯಲ್ಲೇ ಎಂಜಿನಿಯರಿಂಗ್ ಮುಗಿಸಿ, ಪಿ.ಜೆ. ಬಡಾವಣೆಯ ಒಂದು ಸಣ್ಣ ಕಂಪನಿಗೆ ಸೇರಿದ್ದೆ. ಕಂಪನಿ ಎಂದರೆ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಮಹಡಿಯ ಮೇಲೆ ಎರಡು ಕೋಣೆ, ಒಂದು ಉದ್ದನೆಯ ಮೇಜು, ಎರಡು ಕಂಪ್ಯೂಟರು. ಕೆಳಗಿನಿಂದ ಲವಂಗದೆಣ್ಣೆಯ ವಾಸನೆ ಬರುತ್ತಿತ್ತು, ಆಗಾಗ ಯಾರದೋ ನರಳಾಟವೂ ಕೇಳುತ್ತಿತ್ತು. ಮಾಲೀಕರು ಮುರುಗೇಂದ್ರಪ್ಪ ಸರ್. ಬುದ್ಧಿವಂತರು, ಆದರೆ ಕಾಲಲ್ಲಿ ಚಕ್ರ ಕಟ್ಟಿಕೊಂಡ ಮನುಷ್ಯ. ಏನು ಕೇಳಿದರೂ "ಕೆಲಸ ಮಾಡ್ತಾ ಐತಿಲ್ಲ ಶೈಲಾ, ಮತ್ತೇನು?" ಎನ್ನುವರು. ಅರಳೆ ವ್ಯಾಪಾರದ ಮನೆಯಲ್ಲಿ ಬೆಳೆದ ನನಗೆ ಹತ್ತಿ ತುಂಬಿದ ಪ್ರತಿ ಅಂಡಿಗೆಯನ್ನೂ ಬಿಚ್ಚಿ ಒಳಗೆ ಕೈಹಾಕಿ ನೋಡುವ ಚಾಳಿ. ನಮ್ಮಿಬ್ಬರಿಗೂ ದಿನಾ ಒಂದು ಸಣ್ಣ ಜಗಳ ಆಗುತ್ತಿತ್ತು, ಸಂಜೆ ಮಂಡಕ್ಕಿ ಮಿರ್ಚಿ ತರಿಸಿದಾಗ ಮುಗಿಯುತ್ತಿತ್ತು.

ಆ ವರ್ಷ ಸಿಕ್ಕಿದ ಕೆಲಸ ಹರಿಹರದ್ದು. ಗುತ್ತೂರಿನ ಆಚೆ ಹೊಳೆಯ ದಂಡೆಯಲ್ಲಿ ಒಂದು ರಟ್ಟಿನ ಕಾರ್ಖಾನೆ ಇತ್ತು, ಈಗ ಇಲ್ಲ. ತುಂಗಭದ್ರೆಯಿಂದ ಅದಕ್ಕೆ ನೀರೆತ್ತುವ ಪಂಪ್‌ಹೌಸಿನಲ್ಲಿ ಪ್ರತಿ ಪಂಪಿಗೂ ನಮ್ಮದೊಂದು ಪುಟ್ಟ ಬೋರ್ಡು. ಎಲ್ಲ ಬೋರ್ಡುಗಳೂ ಒಂದೇ ತಂತಿಯ ಮೇಲೆ, ಆ ತಂತಿಯ ತುದಿಗೆ ನೆಟ್‌ವರ್ಕ್ ಕಂಟ್ರೋಲರ್ ಎಂಬ ದೊಡ್ಡಣ್ಣ. ಅವನು ಒಬ್ಬೊಬ್ಬರನ್ನೇ ಕೂಗಿ "ನಿನ್ನ ಪಂಪು ಓಡುತ್ತಿದೆಯೋ ನಿಂತಿದೆಯೋ" ಎಂದು ಕೇಳಬೇಕು. ಬಂದ ಉತ್ತರ ಪಂಪ್‌ಹೌಸಿನಲ್ಲಿಟ್ಟ ಕಂಪ್ಯೂಟರ್ ಪರದೆಯ ಮೇಲೆ ಬಣ್ಣವಾಗಬೇಕು. ಹಸಿರು ಎಂದರೆ ಓಡುತ್ತಿದೆ, ಕೆಂಪು ಎಂದರೆ ನಿಂತಿದೆ.

ಇದನ್ನೆಲ್ಲ ನಡೆಸುವ ಪ್ರೋಗ್ರಾಮಿಗೆ ಕಣ್ಣಿಲ್ಲ. ಬೋರ್ಡಿನಲ್ಲಿ ಎಲ್ಲಿ ಯಾವ ಚಿಪ್ಪು ಕೂತಿದೆ, ಯಾರನ್ನು ಯಾವ ವಿಳಾಸಕ್ಕೆ ಕೂಗಬೇಕು, ಉತ್ತರ ಬಂದದ್ದು ಹೇಗೆ ಗೊತ್ತಾಗುತ್ತದೆ, ಬಂದ ಮೇಲೆ ಏನು ಮಾಡಬೇಕು ಎಂಬುದನ್ನೆಲ್ಲ ನಾವೇ ಬರೆದು ಕೊಡಬೇಕು. ಅದಕ್ಕೆ ವಿವರಣೆ ಎನ್ನುತ್ತಿದ್ದೆವು. ವಿವರಣೆಯಲ್ಲಿ ಇದ್ದದ್ದು ಪ್ರೋಗ್ರಾಮಿನ ಪಾಲಿಗೆ ಇದೆ, ಇಲ್ಲದ್ದು ಇಲ್ಲ. ಬರೆದವರು ಸರ್. ಅದನ್ನು ಚಿಪ್ಪಿನ ಕೈಪಿಡಿಯೊಂದಿಗೆ, ನಕ್ಷೆಯೊಂದಿಗೆ, ಕೊನೆಗೆ ಜಾಗಕ್ಕೇ ಹೋಗಿ ಹಾರ್ಡ್‌ವೇರಿನೊಂದಿಗೆ ತಾಳೆ ನೋಡಿ ಸರಿಯಿದೆ ಎಂದು ಸಹಿ ಹಾಕುವ ಕೆಲಸ ನನ್ನದು.

ಆಷಾಢದ ಗಾಳಿಯಲ್ಲಿ ಮೊದಲ ಸಲ ಅಲ್ಲಿಗೆ ಹೋದೆ. ಹೊಳೆಯೊಳಗೆ ಕಾಲಿಟ್ಟು ನಿಂತ ಒಂದು ದುಂಡನೆಯ ಕಟ್ಟಡ, ದಂಡೆಯಿಂದ ಅಲ್ಲಿಗೊಂದು ಕಿರಿದಾದ ಸೇತುವೆ. ಅಲ್ಲಿನವರು ಅದನ್ನು ಜಾಕ್‌ವೆಲ್ ಎನ್ನುತ್ತಿದ್ದರು. ಮೇಲೆ ಮೋಟಾರುಗಳ ಹಾಲ್, ಕೆಳಗೆ ಆಳದ ಬಾವಿ, ಬಾವಿಗೆ ಹೊಳೆಯ ನೀರು. ಒಳಗೆ ಕಾಲಿಟ್ಟರೆ ಬಿಸಿ ವಾರ್ನಿಷ್ ವಾಸನೆ, ಅದರ ಕೆಳಗೆ ಹಸಿ ಕೆಸರಿನ ವಾಸನೆ. ಮಾತಾಡಬೇಕೆಂದರೆ ಕಿವಿಯ ಹತ್ತಿರ ಬಾಯಿ ತರಬೇಕು, ಅಷ್ಟು ಗದ್ದಲ.

ಆಪರೇಟರ್ ಕರಿಬಸಪ್ಪ ಗುತ್ತೂರಿನವರು, ನಮ್ಮ ಕಾಕನ ವಯಸ್ಸು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಗ್ರೀಸು ಹತ್ತಿದ ಟವೆಲ್ಲು. "ಬರ್ರಿ ಮೇಡಂ, ಕೂಡ್ರಿ" ಎಂದು ಸ್ಟೂಲು ಒರೆಸಿ ಕೊಟ್ಟರು. ನಾನು ಕೂರದೆ ಪಂಪು ಎಣಿಸಿದೆ. ಎದೆಯೆತ್ತರದ ಮೋಟಾರುಗಳು ನಾಲ್ಕೇ ಇದ್ದವು. ಮೂರರ ಪಕ್ಕ ಒಂದು ಖಾಲಿ ಕಟ್ಟೆ, ಅದರ ಆಚೆ ಕೊನೆಯ ಪಂಪು. ಕಟ್ಟೆಯಲ್ಲಿ ತುಕ್ಕು ಹಿಡಿದ ಬೋಲ್ಟುಗಳು ಆಕಾಶ ನೋಡುತ್ತಿದ್ದವು. ಒಂದೊಂದು ಬೋಲ್ಟಿಗೂ ಕುಂಕುಮ, ನಡುವೆ ಒಂದಷ್ಟು ಚೆಂಡುಹೂವು.

ವಿವರಣೆಯಲ್ಲಿ ಐದು ಪಂಪುಗಳಿದ್ದವು. ಪರದೆ ನೋಡಿದೆ. ಅಲ್ಲೂ ಐದು ಚೌಕ. ನಾಲ್ಕನೆಯ ಚೌಕ ಹಸಿರಾಗಿತ್ತು.

"ಕರಿಬಸಪ್ಪನೋರೆ, ಇಲ್ಲಿ ನಾಲ್ಕನೇ ಪಂಪೇ ಇಲ್ಲ. ಓಡ್ತಿದೆ ಅಂತ ತೋರಿಸ್ತಿದೆಯಲ್ಲ?"

"ಓಡ್ತಾ ಐತಿರಿ" ಎಂದರು ಅವರು, ಬಹಳ ಸಲೀಸಾಗಿ. "ಅದು ನಮ್ಮಣ್ಣಂದು."

ಅಣ್ಣ ರುದ್ರಪ್ಪ ಅದೇ ಪಂಪ್‌ಹೌಸಿನಲ್ಲಿ ಅವರಿಗಿಂತ ಮೊದಲು ಆಪರೇಟರ್ ಆಗಿದ್ದವರು. ಮಳೆಗಾಲದಲ್ಲಿ ಹೊಳೆಯಲ್ಲಿ ಅಂತರಗಂಗೆ, ಹುಲ್ಲು, ಹರಕು ಬಟ್ಟೆ ಎಲ್ಲ ತೇಲಿಬಂದು ಪಂಪಿನ ಬಾಯಿಯ ಜಾಲರಿಗೆ ಕಚ್ಚಿಕೊಳ್ಳುತ್ತವೆ. ಪಂಪು ನಿಲ್ಲಿಸಿ, ಕಬ್ಬಿಣದ ಏಣಿ ಇಳಿದು, ಎದೆಮಟ್ಟ ನೀರಲ್ಲಿ ನಿಂತು ಬಿಡಿಸಬೇಕು. ರುದ್ರಪ್ಪ ಹಾಗೆ ಬಿಡಿಸುತ್ತಿದ್ದಾಗ ನಾಲ್ಕನೆಯ ಪಂಪು ಓಡಿಬಿಟ್ಟಿತು, ಅವರು ಬದುಕಲಿಲ್ಲ. ಯಾರು ಹಾಕಿದರು, ಯಾಕೆ ಓಡಿತು, ತಿಳಿಯಲಿಲ್ಲ. ಆಮೇಲೆ ಆ ಮೋಟಾರನ್ನು ಎತ್ತಿಹಾಕಿದರು. ಅಂದಿನಿಂದ ಅಲ್ಲಿನವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಇಳಿಯುವವನು ಕಸ ಕಟ್ಟಿದ ಪಂಪಿನ ಸ್ಟಾರ್ಟರ್ ಡಬ್ಬಿಯಿಂದ ಪಿಂಗಾಣಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಆಮೇಲೆ ಖಾಲಿ ಕಟ್ಟೆಯ ಮುಂದೆ ನಿಂತು, "ಇಳೀಲೇನಣ್ಣಾ?" ಎಂದು ಕೇಳಬೇಕು. ನಾಲ್ಕು ಎಂಬ ಸಂಖ್ಯೆಯನ್ನು ಬೇರೆ ಯಾವ ಪಂಪಿಗೂ ಕೊಡುವಂತಿಲ್ಲ. ಎಷ್ಟು ಪಂಪು ಎಂದು ಯಾರು ಕೇಳಿದರೂ ಐದು ಎನ್ನಬೇಕು. ನಮ್ಮ ಸರ್ ಕೇಳಿದಾಗಲೂ ಐದು ಎಂದಿದ್ದರು. ಹಳೆಯ ನಕ್ಷೆಯಲ್ಲೂ ಐದೇ ಇತ್ತು. ಸರ್ ಎಣಿಸುವ ಗೋಜಿಗೆ ಹೋಗದೆ ಬರೆದುಬಿಟ್ಟಿದ್ದರು.

"ಇಷ್ಟು ದಿನ ಕೇಳ್ತಿದ್ವಿ, ಅವ ಉತ್ರ ಕೊಡ್ತಿರ್ಲಿಲ್ಲ" ಎಂದರು ಕರಿಬಸಪ್ಪ. "ನಿಮ್ಮ ಟಿವಿ ಬಂದ್ಮ್ಯಾಲೆ ಕೊಡಾಕ ಹತ್ಯಾನ. ಕೆಂಪಾದ್ರೆ ಇಳಿ ಅಂತ. ಹಸಿರಾದ್ರೆ ಬ್ಯಾಡ ಅಂತ."

ನಾನು ನಗಬೇಕೆಂದುಕೊಂಡೆ. ಹೋಗಿ ಆ ಕಟ್ಟೆಯ ಮೇಲೆ ಅಂಗೈ ಇಟ್ಟೆ. ಅದು ನಡುಗುತ್ತಿತ್ತು. ಅಕ್ಕಪಕ್ಕದ ಮೋಟಾರುಗಳ ನಡುಕ ಕಾಂಕ್ರೀಟಿನೊಳಗೆ ಹಾದು ಬರುತ್ತದೆ, ಅಷ್ಟೆ. ಗೊತ್ತಿದ್ದೂ ಕೈ ಹಿಂದಕ್ಕೆ ತೆಗೆದುಕೊಂಡೆ. ಅದರ ಕೆಳಗೆ ಏನೋ ಉಸಿರಾಡಿದ ಹಾಗಿತ್ತು.

ಬೋರ್ಡು ಹುಡುಕಿದೆ. ನಾಲ್ಕನೆಯ ವಿಳಾಸದ ಬೋರ್ಡು ಎಲ್ಲೂ ಇರಲಿಲ್ಲ. ತಂತಿಯನ್ನು ಗೋಡೆಯುದ್ದಕ್ಕೂ ಬೆರಳಲ್ಲಿ ಹಿಡಿದು ಹೋದೆ. ಮೂರರಿಂದ ಹೊರಟದ್ದು ಖಾಲಿ ಕಟ್ಟೆಯ ಹಿಂದೆ ಹಾದು ನೇರ ಐದಕ್ಕೆ ಹೋಗಿತ್ತು. ನಡುವೆ ಯಾರೂ ಇಲ್ಲ. ತಿರುಗಿ ನೋಡಿದರೆ ನಾಲ್ಕನೆಯ ಚೌಕ ಕೆಂಪಾಗಿತ್ತು. ನಾನು ನೋಡುತ್ತಿದ್ದ ಹಾಗೇ ಮತ್ತೆ ಹಸಿರಾಯಿತು.

"ನಿಮ್ಮನ್ನ ನೋಡಿದ ಬಿಡ್ರಿ" ಎಂದರು ಕರಿಬಸಪ್ಪ. ಅವರು ತಮಾಷೆ ಮಾಡುತ್ತಿರಲಿಲ್ಲ.

ಹೊರಡುವಾಗ ಇನ್ನೊಂದು ಸಂಗತಿ ತಿಳಿಯಿತು. ನಮ್ಮ ಬೋರ್ಡು, ಪರದೆ ಬಂದ ಮೇಲೆ ಕಾರ್ಖಾನೆಯ ಎಂಜಿನಿಯರ್ ಫ್ಯೂಸು ಕೀಳುವುದನ್ನು ನಿಲ್ಲಿಸಿದ್ದರಂತೆ. ಫ್ಯೂಸು ಕಿತ್ತರೆ ನಮ್ಮ ಬೋರ್ಡಿಗೂ ಕರೆಂಟು ಹೋಗಿ, ಪರದೆ ಏನೇನೋ ತೋರಿಸುತ್ತದೆ ಎಂದು. ಮುಳ್ಳು ಆಡುವ ಹಳೆಯ ಮೀಟರುಗಳನ್ನೂ ಬಿಚ್ಚಿದ್ದರು. ಈಗ ಪರದೆಯಲ್ಲೇ ನಿಲ್ಲಿಸಬೇಕು, ನಿಂತಿತೆಂದು ಪರದೆಯಲ್ಲೇ ನೋಡಿ ಇಳಿಯಬೇಕು. ಮತ್ತೆ ಅಣ್ಣನನ್ನು ಕೇಳಬೇಕು.

ಆ ಸಂಜೆ ಬಸ್ಸಿನಲ್ಲಿ ಉಕ್ಕಡಗಾತ್ರಿಯಿಂದ ವಾಪಸು ಬರುತ್ತಿದ್ದ ಒಂದು ಕುಟುಂಬ ಕೂತಿತ್ತು. ಬಿಚ್ಚುಗೂದಲ ಹೆಣ್ಣುಮಗಳೊಬ್ಬಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಮೈಮೇಲೆ ಬಂದದ್ದು ಬಿಟ್ಟುಹೋಗಲಿ ಎಂದು ಕರಿಬಸವೇಶ್ವರನ ಸನ್ನಿಧಿಗೆ ಜನ ಹೋಗುವುದು ನಮ್ಮ ಕಡೆ ಹೊಸದಲ್ಲ. ಚಿಕ್ಕಂದಿನಿಂದ ನೋಡಿದ್ದೇನೆ, ಗೇಲಿಯನ್ನೂ ಮಾಡಿದ್ದೇನೆ. ಅವತ್ತು ಮಾತ್ರ ಅವಳ ಮುಚ್ಚಿದ ರೆಪ್ಪೆಯ ಕೆಳಗೆ ಗುಡ್ಡೆಗಳು ಅತ್ತಿತ್ತ ಹೊರಳುವುದನ್ನು ದಾವಣಗೆರೆಯವರೆಗೂ ನೋಡುತ್ತ ಬಂದೆ.

ಸರ್‌ಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡು ನಕ್ಕರು. "ಇಲ್ಲದ ಪಂಪನ್ನ ಬರ್ದಿದ್ದು ನನ್ನ ತಪ್ಪು. ನಾಕನ್ನ ತಗದು ಬಿಸಾಕು, ದೆವ್ವನೂ ಹೋಕ್ಕತಿ."

"ಸರ್, ಇಲ್ಲದ ಪಂಪನ್ನ ಕೇಳಿದ್ರೆ ಉತ್ತರ ಬರಬಾರದು. ಬರ್ತಿದೆ. ಯಾರು ಕೊಡ್ತಿದ್ದಾರೆ?"

"ಯಾರಾರ ಕೊಡ್ಲಿ. ನಾವು ಕೇಳೋದು ಬಿಟ್ರೆ ಆತಿಲ್ಲ?"

"ಅದು ತಿಳಿಯೋ ತನಕ ನಾನು ಸಹಿ ಹಾಕಲ್ಲ" ಎಂದೆ. ಆ ಸಂಜೆ ಮಂಡಕ್ಕಿಯೂ ಬರಲಿಲ್ಲ. ಮಾರನೆಯ ದಿನ ಸರ್ ತಾವೇ ನಾಲ್ಕನ್ನು ತೆಗೆದು, ತಾವೇ ಸಹಿ ಹಾಕಿ, ಫ್ಲಾಪಿಯನ್ನು ಹರಿಹರಕ್ಕೆ ತಲುಪಿಸಿ, ಬೇರೆ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋದರು.

ನಾನು ಕಚೇರಿಯ ಮೇಜಿನ ಮೇಲೆ ಇಡೀ ಪಂಪ್‌ಹೌಸನ್ನು ಹೂಡಿದೆ. ಐದು ಬೋರ್ಡು ಸಾಲಾಗಿ ಇಟ್ಟು, ಹಳೆಯ ವಿವರಣೆಯನ್ನೇ ಹಾಕಿದೆ. ಎಲ್ಲ ಸರಿ ತೋರಿಸಿತು. ಮೂರನೆಯದಕ್ಕೆ ಓಡುವ ಸಂಕೇತ ಕೊಟ್ಟು, ನಾಲ್ಕನೆಯ ಬೋರ್ಡಿನ ತಂತಿ ಕಿತ್ತು ಕೈಯಲ್ಲಿ ಎತ್ತಿಕೊಂಡೆ. ಅದಕ್ಕೆ ಕರೆಂಟಿಲ್ಲ, ಎಲ್ಲಿಗೂ ಸಂಬಂಧವಿಲ್ಲ. ಪರದೆಯ ಮೇಲೆ ನಾಲ್ಕು ಹಸಿರಾಗೇ ಇತ್ತು. ಹೊರಗೆ ಹಗಲು, ಕೆಳಗೆ ಡಾಕ್ಟರು ಯಾರನ್ನೋ ಬಾಯಿ ತೆರೆಯಲು ಹೇಳುತ್ತಿದ್ದರು, ಆಟೋಗಳು ಹಾರ್ನ್ ಹೊಡೆಯುತ್ತಿದ್ದವು. ಸತ್ತ ಬೋರ್ಡು ನನ್ನ ಅಂಗೈಯಲ್ಲಿ ತಣ್ಣಗೆ ಕೂತು ಓಡುತ್ತಿದ್ದೇನೆ ಎನ್ನುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹೆದರಿಕೆಯಲ್ಲೇ ಕೈಪಿಡಿ ತೆರೆದೆ. ಕಂಟ್ರೋಲರಿನ ನೆಟ್‌ವರ್ಕ್ ಚಿಪ್ಪಿನೊಳಗೆ ಬಂದ ಉತ್ತರ ಇಟ್ಟುಕೊಳ್ಳಲು ಒಂದು ಪುಟ್ಟ ಗೂಡು ಇರುತ್ತದೆ. ಉತ್ತರ ಓದಿದ ಮೇಲೆ ಆ ಗೂಡನ್ನು ಖಾಲಿ ಮಾಡು ಎಂದು ವಿವರಣೆಯಲ್ಲೇ ಹೇಳಬೇಕು. ಸರ್ ಅದನ್ನು ಹೇಳಿರಲಿಲ್ಲ. ಖಾಲಿ ಮಾಡದಿದ್ದರೆ ಹಿಂದಿನವನ ಉತ್ತರ ಅಲ್ಲೇ ಉಳಿಯುತ್ತದೆ. ಮುಂದಿನವನು ಸುಮ್ಮನಿದ್ದರೆ, ಪ್ರೋಗ್ರಾಮು ಗೂಡಿಗೆ ಕೈಹಾಕಿ ಹಳೆಯ ಉತ್ತರವನ್ನೇ ಇವನದೆಂದು ತಿಳಿಯುತ್ತದೆ. ರುದ್ರಪ್ಪ ಮಾತಾಡುತ್ತಿದ್ದದ್ದು ಮೂರನೆಯ ಪಂಪಿನ ಮಾತು. ಅವತ್ತು ಮೂರು ನಿಂತು ಮತ್ತೆ ಓಡಿದ್ದಕ್ಕೇ ನಾಲ್ಕು ಕೆಂಪಾಗಿ ಹಸಿರಾಗಿತ್ತು.

ನಿರಾಳವಾಗಬೇಕಿತ್ತು. ಆದರೆ ಮರುಕ್ಷಣವೇ ಕೈಪಿಡಿ ಮುಚ್ಚಿಟ್ಟು ಎದ್ದುನಿಂತೆ. ಇದು ನಾಲ್ಕಕ್ಕೆ ಮಾತ್ರ ಆಗುವಂಥದ್ದಲ್ಲ. ಬದುಕಿರುವ ಯಾವ ಪಂಪಿನ ತಂತಿ ಸಡಿಲವಾದರೂ ಅದರ ಬದಲು ಹಿಂದಿನ ಪಂಪು ಉತ್ತರ ಕೊಡುತ್ತದೆ. ನಾಲ್ಕು ಇದ್ದಷ್ಟು ದಿನ ಏನೋ ಎಡವಟ್ಟಿದೆ ಎಂದು ಕಣ್ಣಿಗೆ ಕಾಣುತ್ತಿತ್ತು. ಅದನ್ನು ಅಳಿಸಿ, ಎಡವಟ್ಟನ್ನು ಹಾಗೇ ಬಿಟ್ಟಿದ್ದೆವು. ಎರಡು ದಿನದಿಂದ ಮಳೆ ಹಿಡಿದಿತ್ತು. ಹೊಳೆ ಏರಿದರೆ ಕಸ ಬರುತ್ತದೆ, ಕಸ ಬಂದರೆ ಕರಿಬಸಪ್ಪ ಬಾವಿಗೆ ಇಳಿಯುತ್ತಾರೆ, ಇಳಿಯುವ ಮುಂಚೆ ಪರದೆ ನೋಡುತ್ತಾರೆ.

ಕಾರ್ಖಾನೆಗೆ ಫೋನು ಮಾಡಿದೆ, ಲೈನೇ ಸಿಗಲಿಲ್ಲ. ಕೊಡೆಯನ್ನೂ ಮರೆತು ಬಸ್‌ಸ್ಟ್ಯಾಂಡಿಗೆ ಓಡಿದೆ. ಹರಿಹರದಲ್ಲಿ ಇಳಿದು ಆಟೋ ಹಿಡಿದು ಗುತ್ತೂರು ದಾಟುವಾಗ ಹೊಳೆ ಕಂಡಿತು. ಕೆಂಪಗೆ, ದಂಡೆಯ ಜಾಲಿಮರಗಳ ಸೊಂಟದವರೆಗೆ ಬಂದಿತ್ತು. ಸದ್ದೇ ಇರಲಿಲ್ಲ. ಅಷ್ಟು ನೀರು ಅಷ್ಟು ಮೌನವಾಗಿ ಹೋಗುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಜಾಕ್‌ವೆಲ್ಲಿನ ಬಾಗಿಲು ತಳ್ಳಿದಾಗ ಕರಿಬಸಪ್ಪ ಚಡ್ಡಿ ಬನೀನಿನಲ್ಲಿ ಏಣಿಯ ಬಾಯಲ್ಲಿ ಕೂತು, ಒಂದು ಕಾಲು ಕೆಳಗೆ ಬಿಟ್ಟಿದ್ದರು.

"ಯಾವುದಕ್ಕೆ ಇಳೀತಿದ್ದೀರಿ?" ಎಂದು ಕಿರುಚಿದೆ.

"ಐದಕ್ರಿ. ಕಸ ಕಟ್ಟೈತೆ. ನಿಲ್ಸೀನಿ, ನೋಡ್ರಿ ಬೇಕಾರೆ."

ಪರದೆಯ ಮೇಲೆ ಈಗ ನಾಲ್ಕು ಚೌಕ. ಮೂರನೆಯದು ಕೆಂಪು, ಐದನೆಯದೂ ಕೆಂಪು. ಬೆಳಿಗ್ಗೆಯಿಂದ ಮೂರನ್ನು ಸೋರಿಕೆ ಸರಿಮಾಡಲು ನಿಲ್ಲಿಸಿದ್ದರು. ಐದರ ಮೋಟಾರಿನ ಹತ್ತಿರ ಹೋದೆ. ತಿರುಗುವ ಭಾಗಕ್ಕೆಲ್ಲ ತಗಡಿನ ಕವಚ, ಏನೂ ಕಾಣದು. ಮೈ ಮುಟ್ಟಿದರೆ ನಡುಕ, ಆದರೆ ಅಲ್ಲಿ ಖಾಲಿ ಕಟ್ಟೆಯೂ ನಡುಗುತ್ತಿತ್ತು. ಕಿವಿಗೆ ಎಲ್ಲವೂ ಒಂದೇ ಗದ್ದಲ.

"ಅಣ್ಣನ್ನ ಕೇಳೋಣಂದ್ರೆ ಅವನ ಮನೀನೇ ತಗದುಬಿಟ್ಟಾರ" ಎಂದರು ಕರಿಬಸಪ್ಪ. ಇನ್ನೊಂದು ಕಾಲನ್ನೂ ಕೆಳಗಿಟ್ಟರು.

ನಾನು ಐದರ ಸ್ಟಾರ್ಟರ್ ತೆರೆದು ಫ್ಯೂಸನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಡಬ್ಬಿಯೊಳಗೆ ಢಪ್ ಎಂದಿತು. ಹಾಲ್‌ನ ಗದ್ದಲದೊಳಗಿಂದ ಒಂದು ದನಿ ನಿಧಾನವಾಗಿ ಇಳಿಯತೊಡಗಿತು. ಇಳಿಯುತ್ತ ಇಳಿಯುತ್ತ ಒಂದು ನರಳಾಟದಂತಾಗಿ ನಿಂತಿತು. ನಿಂತ ಮೇಲಷ್ಟೇ ಅದು ಇಷ್ಟು ಹೊತ್ತೂ ಇತ್ತೆಂದು ನಮಗಿಬ್ಬರಿಗೂ ಗೊತ್ತಾದದ್ದು. ಐದು ಓಡುತ್ತಿತ್ತು. ನಿಲ್ಲು ಎಂದದ್ದು ಅದಕ್ಕೆ ಮುಟ್ಟಿರಲೇ ಇಲ್ಲ. ಬೋರ್ಡಿನ ತಂತಿ ಸ್ಕ್ರೂವಿನಿಂದ ಕಳಚಿ ಗಾಳಿಯಲ್ಲಿತ್ತು.

ಕರಿಬಸಪ್ಪ ಏಣಿಯ ಮೇಲೆ ಹಾಗೇ ನಿಂತಿದ್ದರು, ಎದೆಯವರೆಗೆ ನೆಲದೊಳಗೆ ಹುಗಿದವರ ಹಾಗೆ. ಆಮೇಲೆ ಮೇಲೆ ಬಂದು ಖಾಲಿ ಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ.

ಸರ್ ಹುಬ್ಬಳ್ಳಿಯಿಂದ ಬಂದವರು ನನ್ನ ಮೇಜಿನ ಪ್ರಯೋಗವನ್ನು ನಿಂತೇ ನೋಡಿದರು. "ತಪ್ಪಾತು ಶೈಲಾ" ಎಂದು ಹೇಳಿ, ತಾವೇ ಗೂಡು ಖಾಲಿ ಮಾಡುವ ಸಾಲನ್ನು ಬರೆದು ನನ್ನ ಮುಂದಿಟ್ಟರು. ಉತ್ತರ ಬಾರದ ಪಂಪಿನ ಚೌಕ ಇನ್ನು ಹಸಿರೂ ಅಲ್ಲ ಕೆಂಪೂ ಅಲ್ಲ, ಬೂದು ಬಣ್ಣವಾಗಬೇಕೆಂದು ಗೊತ್ತುಮಾಡಿದೆವು. ಇಳಿಯುವಾಗ ಫ್ಯೂಸು ಕೀಳಲೇಬೇಕೆಂದು ಎಂಜಿನಿಯರನ್ನು ಒಪ್ಪಿಸಿದೆವು. ಆಪರೇಟರುಗಳು ಕೇಳಿದ್ದು ಒಂದೇ, ನಾಲ್ಕನ್ನು ವಾಪಸು ಹಾಕಿಕೊಡಿ ಎಂದು. ಸರ್ ತಾವೇ ಕೂತು ನಾಲ್ಕನ್ನು ಮತ್ತೆ ಬರೆದರು. ಎಲ್ಲ ತಾಳೆ ನೋಡಿ, ಆ ವಿವರಣೆಗೆ ನಾನು ಸಹಿ ಹಾಕಿದೆ. ಇಲ್ಲದ ಪಂಪೊಂದು ಇದೆ ಎಂದು ಬರೆದದ್ದಕ್ಕೆ ತಿಳಿದೇ ಸಹಿ ಹಾಕಿದ್ದು ಅದೊಂದೇ ಸಲ.

ಶ್ರಾವಣದಲ್ಲಿ ಅದನ್ನು ಹರಿಹರಕ್ಕೆ ಒಯ್ದು ಹಾಕಿದೆವು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂತು. ಒಂದು, ಎರಡು, ಮೂರು ಹಸಿರು, ನಾಲ್ಕು ಬೂದು, ಐದು ಹಸಿರು. ಕರಿಬಸಪ್ಪ ಪರದೆಯ ಮುಂದೆ ಬಗ್ಗಿ ನಿಂತರು. ಮೂರನ್ನು ನಿಲ್ಲಿಸಿ ನೋಡಿದರು, ಓಡಿಸಿ ನೋಡಿದರು. ನಾಲ್ಕು ಬೂದಾಗಿಯೇ ಇತ್ತು. ಏನೂ ಆಗುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಬೆರಳಿಂದ ಆ ಚೌಕವನ್ನು ಒಮ್ಮೆ ಮುಟ್ಟಿದರು.

"ಹೋದ ನೋಡ್ರಿ" ಎಂದರು.

ಗೂಡಿನ ಕಥೆಯನ್ನು ಅವರಿಗೆ ಅದಾಗಲೇ ಬಿಡಿಸಿ ಹೇಳಿದ್ದೆ. ಅವರಿಗೆ ಅರ್ಥವೂ ಆಗಿತ್ತು. ಆದರೂ ಅವರ ಮುಖ ನೋಡಿದಾಗ, ಒಬ್ಬ ಮನುಷ್ಯನನ್ನು ಎರಡನೇ ಸಲ ಕಳಿಸಿಕೊಟ್ಟವಳು ನಾನೇ ಅನಿಸಿ ಸಂಕಟವಾಯಿತು.

ಆವತ್ತೇ, ಸರ್ ಹೊರಟುಹೋಗಿ ನಾವಿಬ್ಬರೇ ಉಳಿದಿದ್ದಾಗ, ಎರಡನೆಯ ಪಂಪಿಗೆ ಕಸ ಕಟ್ಟಿತು. ಕರಿಬಸಪ್ಪ ಅದನ್ನು ನಿಲ್ಲಿಸಿ, ಫ್ಯೂಸು ಕಿತ್ತರು. ಜೇಬಿಗೆ ಹಾಕಿಕೊಳ್ಳಲಿಲ್ಲ. ನನ್ನ ಹತ್ತಿರ ಬಂದು ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ತಾವೇ ಮಡಿಸಿದರು. ಏಣಿಯ ಬಾಯಲ್ಲಿ ಕೂತು ಖಾಲಿ ಕಟ್ಟೆಯ ಕಡೆಗೆ ನೋಡಿದರು, ಪರದೆಯ ಕಡೆಗೆ ನೋಡಿದರು. ಕೊನೆಗೆ ನನ್ನ ಕಡೆಗೆ ತಿರುಗಿದರು.

"ಇಳೀಲೇನ್ ತಂಗೆಮ್ಮಾ?"

ಇನ್ನೊಮ್ಮೆ ಪರದೆ ನೋಡಿದೆ, ಸ್ಟಾರ್ಟರ್ ನೋಡಿದೆ, ಕೈಯಲ್ಲಿದ್ದ ಫ್ಯೂಸು ನೋಡಿದೆ. "ಇಳೀರಿ" ಎಂದೆ.

ಅವರ ತಲೆ ಕತ್ತಲೊಳಗೆ ಇಳಿಯಿತು. ನಾನು ಬಾವಿಯ ಬಾಯಲ್ಲಿ ಬಗ್ಗಿ ನಿಂತೆ. ಕೆಳಗೆ ನೀರು ಕಲಕುವ ಸದ್ದು ಬರುತ್ತಿತ್ತು. ನನ್ನ ಬಲಕ್ಕೆ, ಖಾಲಿ ಕಟ್ಟೆಯ ಕಡೆಗೆ, ಇನ್ನೊಬ್ಬರು ಯಾರೋ ನನ್ನ ಹಾಗೇ ಬಗ್ಗಿ ಬಾವಿಯೊಳಗೆ ನೋಡುತ್ತ ನಿಂತಿದ್ದರು. ಕರಿಬಸಪ್ಪ ಮೇಲೆ ಬರುವವರೆಗೂ ನಾನು ಆ ಕಡೆ ತಿರುಗಲಿಲ್ಲ.